ಹೂವು ಉದುರಿದ ವರ್ಷದ ಸಂತೋಷ: ಹಬಕ್ಕೂಕ 3 ಮತ್ತು ಫಿಲಿಪ್ಪಿ ಪತ್ರ ಓದಿದಾಗ ಬರೆದುಕೊಂಡದ್ದು

ಕಳೆದ ಎರಡು ಬುಧವಾರ ಪ್ರಾರ್ಥನೆ ಕೂಟಕ್ಕೆ ಬರಲಾಗದವರು ಟಿಪ್ಪಣಿ ಕೇಳಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ಕಾಫಿ ಕೊಯ್ಲಿನ ಸಮಯ, ಎಲ್ಲರೂ ಸುಸ್ತಾಗಿರುತ್ತೀರಿ, ಗೊತ್ತು. ನಿಧಾನವಾಗಿ ಓದಿ.

ವಿಷಯ ಸಂತೋಷ. ಮೊದಲ ದಿನವೇ ಒಬ್ಬ ಅಕ್ಕ ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. "ಭಾನುವಾರ ಹಾಡುವಾಗ ಇರುತ್ತಲ್ಲ, ಅದು ಸೋಮವಾರ ಬೆಳಿಗ್ಗೆ ತೋಟಕ್ಕೆ ಇಳಿಯೋ ಹೊತ್ತಿಗೆ ಎಲ್ಲಿ ಹೋಗುತ್ತೆ?" ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ಎಲ್ಲರ ಪ್ರಶ್ನೆಯೂ ಅದೇ ಆಗಿತ್ತು, ಅಲ್ವಾ.

ನಾವು 1 ಥೆಸಲೋನಿಕ 5:16ರಿಂದ ಶುರು ಮಾಡಿದೆವು. ಯಾವಾಗಲೂ ಸಂತೋಷಿಸಿರಿ, ಅಷ್ಟೇ ವಚನ. ಮೂಲ ಗ್ರೀಕಿನಲ್ಲಿ ಎರಡೇ ಪದ, 14 ಅಕ್ಷರ. ಇದರ ಪಕ್ಕದಲ್ಲಿ ಯೋಹಾನ 11:35 ಇಟ್ಟು ನೋಡಿ. ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತದ್ದನ್ನು ಹೇಳುವ ವಚನ, ಗ್ರೀಕಿನಲ್ಲಿ 16 ಅಕ್ಷರ. ಎರಡೂ ಪುಟ್ಟ ವಚನಗಳು. ಸತ್ಯವೇದ ಎರಡನ್ನೂ ಇಟ್ಟುಕೊಂಡಿದೆ. ಹಾಗಾಗಿ ಯಾವಾಗಲೂ ಸಂತೋಷಿಸಿ ಅಂದರೆ ಅಳಬೇಡಿ ಅಂತ ಅರ್ಥ ಮಾಡುವ ಹಾಗಿಲ್ಲ. ಕರ್ತನೇ ಅತ್ತಿದ್ದಾನೆ.

ಇನ್ನೊಂದು ಪದದ ವಿಷಯ, ನನಗೆ ತುಂಬಾ ಇಷ್ಟವಾದದ್ದು. ಗ್ರೀಕಿನಲ್ಲಿ ಸಂತೋಷಕ್ಕೆ 'ಖರಾ', ಕೃಪೆಗೆ 'ಖಾರಿಸ್', ಸ್ತೋತ್ರ ಸಲ್ಲಿಸುವುದಕ್ಕೆ 'ಯೂಖಾರಿಸ್ತಿಯಾ'. ಮೂರೂ ಒಂದೇ ಬೇರಿನ ಮಾತುಗಳು. ಸುಮ್ನೆ ಕೊಟ್ಟದ್ದು ಕೃಪೆ. ಕೊಟ್ಟವನನ್ನು ಗುರುತಿಸಿ ಬಾಯಿಬಿಟ್ಟು ಹೇಳಿದರೆ ಸ್ತೋತ್ರ. ಗುರುತಿಸಿದಾಗ ಒಳಗೆ ಆಗುವುದು ಸಂತೋಷ. ಥೆಸಲೋನಿಕದ ಸಭೆಗೆ ಈ ಪತ್ರ ಬರೆದ ಅಪೊಸ್ತಲ ಪೌಲನು ಸಂತೋಷಿಸಿರಿ ಎಂದು ಹೇಳಿ ಎರಡು ವಚನ ದಾಟುವುದರೊಳಗೆ ಸ್ತೋತ್ರ ಮಾಡಿರಿ ಅನ್ನುತ್ತಾನೆ. ಗಮನಿಸಿ, ಅಲ್ಲಿರುವುದು ಎಲ್ಲದರಲ್ಲಿಯೂ ಎಂದು. ಎಲ್ಲದಕ್ಕೋಸ್ಕರ ಎಂದಲ್ಲ. ಬೆಳೆ ಹಾಳಾದದ್ದಕ್ಕೆ ಸ್ತೋತ್ರ ಮಾಡು ಅಂತ ಅವನು ಹೇಳುತ್ತಿಲ್ಲ.

ಇದು ನನಗೆ ಅರ್ಥವಾಗಲು ಹಳೆಯ ಒಡಂಬಡಿಕೆಯ ಪ್ರವಾದಿ ಹಬಕ್ಕೂಕನೇ ಬೇಕಾಯಿತು. ಮೂರೇ ಅಧ್ಯಾಯದ ಪುಸ್ತಕ. ಶುರುವಾಗುವುದೇ ದೂರಿನಿಂದ: ಯೆಹೋವನೇ, ಎಷ್ಟು ಕಾಲ ಮೊರೆಯಿಡಲಿ, ನೀನು ಕೇಳುವುದಿಲ್ಲವಲ್ಲ? ಆಮೇಲೆ ಬಾಬೆಲಿನ ಕಸ್ದೀಯರು ದಂಡೆತ್ತಿ ಬರುತ್ತಾರೆ ಎಂಬ ಸುದ್ದಿ. ಮೂರನೇ ಅಧ್ಯಾಯದ 16ನೇ ವಚನದಲ್ಲಿ ಪ್ರವಾದಿಯ ತುಟಿ ಅದುರುತ್ತದೆ, ಎಲುಬಿನೊಳಗೆ ನಡುಕ ಹತ್ತುತ್ತದೆ. 17ರಲ್ಲಿ ನಷ್ಟದ ಪಟ್ಟಿ ಇದೆ. ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಹಣ್ಣು ಬಿಡಲಿಲ್ಲ, ಎಣ್ಣೆಮರದ (ಆಲಿವ್) ಫಲ ಕೈಕೊಟ್ಟಿತು, ಹೊಲದಲ್ಲಿ ಆಹಾರವಿಲ್ಲ, ಹಟ್ಟಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ.

ನಾವು ಕೂಟದಲ್ಲಿ ಈ ವಚನವನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳಿ ನೋಡಿದೆವು. ಹೂಮಳೆ ಬರಲಿಲ್ಲ, ಅರೇಬಿಕಾಗೆ ಕಾಂಡಕೊರಕ ಹತ್ತಿತು, ರೋಬಸ್ಟಾದ ಕಾಯಿ ಉದುರಿತು, ಮೆಣಸಿನ ಬಳ್ಳಿ ಸೊರಗಿ ಒಣಗಿತು, ಗದ್ದೆಯಲ್ಲಿ ತೆನೆ ಜಳ್ಳು, ಕೊಟ್ಟಿಗೆ ಖಾಲಿ. ಓದುತ್ತಾ ಹೋದ ಹಾಗೆ ಮನೆಯೊಳಗೆ ಯಾರೂ ಮಾತಾಡಲಿಲ್ಲ. ಇಲ್ಲಿ ಪ್ರತಿಯೊಬ್ಬರಿಗೂ ಇದರಲ್ಲಿ ಒಂದಲ್ಲ ಒಂದು ಆಗಿದೆ.

ನಮ್ಮ ಮನೆಯದನ್ನು ಹೇಳುತ್ತೇನೆ. ಮೂಡಿಗೆರೆ ಕಡೆ ಎರಡು ಎಕರೆ ತೋಟ. ನಿಮಗೆ ಗೊತ್ತು, ಬೇಸಿಗೆಯ ಮೊದಲ ಒಳ್ಳೆ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂವು ಬಿರಿಯುತ್ತದೆ, ಇಡೀ ತೋಟ ಬೆಳ್ಳಗೆ, ಮಲ್ಲಿಗೆಯ ಹಾಗೆ ವಾಸನೆ. ಒಂದು ವರ್ಷ ಹೂವು ಬಿರಿದ ದಿನವೇ ಜೋರು ಮಳೆ ಹೊಡೆಯಿತು. ಹೂವೆಲ್ಲ ಗಿಡದಲ್ಲೇ ಕೊಳೆತು ಉದುರಿತು. ಆ ರಾತ್ರಿ ಊಟಕ್ಕೆ ಮುಂಚೆ ಅಪ್ಪ ಪ್ರಾರ್ಥನೆಗೆ ಕಣ್ಣು ಮುಚ್ಚಿದರು, ತುಂಬಾ ಹೊತ್ತು ಮಾತು ಹೊರಡಲಿಲ್ಲ. ಕೊನೆಗೆ "ಕರ್ತನೇ, ನೀನಿದ್ದೀಯಲ್ಲ, ಸ್ತೋತ್ರ" ಅಂದರು. ಅಮ್ಮ ಅನ್ನ ಬಡಿಸಿದರು. ನನಗೆ ಆಗ ಸಿಟ್ಟು ಬಂದಿತ್ತು. ಯಾವ ಸುಖಕ್ಕೆ ಸ್ತೋತ್ರ ಅಂತ ಒಳಗೇ ಕೇಳಿಕೊಂಡಿದ್ದೆ.

ಅಪ್ಪ ಹೇಳಿದ್ದು ಹಬಕ್ಕೂಕ 3:18. ಇಷ್ಟೆಲ್ಲ ಹೋದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಅನ್ನುತ್ತಾನೆ ಪ್ರವಾದಿ. ಆ 'ಅಲ್ಲಿ' ಇದೆಯಲ್ಲ, ಶಾಲೆಯಲ್ಲಿ ಓದಿದ ಸಪ್ತಮೀ ವಿಭಕ್ತಿ, ಎಲ್ಲವೂ ಅದರ ಮೇಲೇ ನಿಂತಿದೆ. ಫಸಲಿನಲ್ಲಿ ಸಂತೋಷ ಇಟ್ಟಿದ್ದರೆ ಫಸಲಿನ ಜೊತೆ ಅದೂ ಉದುರುತ್ತದೆ. ರೇಟಿನಲ್ಲಿ ಇಟ್ಟಿದ್ದರೆ ರೇಟಿನ ಜೊತೆ ಇಳಿಯುತ್ತದೆ. ಪೌಲನೂ ಫಿಲಿಪ್ಪಿ 4:4ರಲ್ಲಿ ಹೇಳುವುದು ಕರ್ತನಲ್ಲಿ ಸಂತೋಷಿಸಿ ಎಂದೇ. ಭಾನುವಾರದ ಸಂತೋಷ ಸೋಮವಾರ ಕಾಣದೇ ಹೋದರೆ, ಅದನ್ನು ಎಲ್ಲಿ ಇಟ್ಟಿದ್ದೆ ಅಂತ ಮೊದಲು ಹುಡುಕಬೇಕು. ಹಾಡಿನಲ್ಲಾ, ಜನರ ನಡುವೆ ಇದ್ದ ಆ ಬೆಚ್ಚಗಿನ ಭಾವನೆಯಲ್ಲಾ, ಕರ್ತನಲ್ಲಾ?

ಫಿಲಿಪ್ಪಿ ಪತ್ರದ ಹಿನ್ನೆಲೆಯನ್ನೂ ಸ್ವಲ್ಪ ನೆನಪಿಡಿ. ಆ ಊರಲ್ಲೇ ಪೌಲ ಮತ್ತು ಸೀಲನಿಗೆ ಛಡಿ ಏಟು ಬಿದ್ದು, ಕಾಲಿಗೆ ಕೋಳ ಹಾಕಿ ಒಳಗಿನ ಸೆರೆಮನೆಗೆ ತಳ್ಳಿದ್ದರು. ಮಧ್ಯರಾತ್ರಿ ಅವರು ಹಾಡಿದರು, ಉಳಿದ ಕೈದಿಗಳು ಕೇಳಿಸಿಕೊಂಡರು (ಅಪೊಸ್ತಲರ ಕೃತ್ಯಗಳು 16). ಮುಂದೆ ಅದೇ ಊರಿನ ಸಭೆಗೆ ಸಂತೋಷದ ಪತ್ರ ಬರೆದಾಗಲೂ ಪೌಲನ ಕೈಯಲ್ಲಿ ಬೇಡಿ ಇತ್ತು. ಆದರೂ ಕಲ್ಲಿನ ಹಾಗೆ ಇರಲಿಲ್ಲ. ಗೆಳೆಯ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಬಂದಿದ್ದ, ಅವನು ಉಳಿದದ್ದರಿಂದ ತನಗೆ ದುಃಖದ ಮೇಲೆ ದುಃಖ ಬರುವುದು ತಪ್ಪಿತು ಎಂದು 2:27ರಲ್ಲಿ ಬರೆಯುತ್ತಾನೆ. 3:18ರಲ್ಲಿ ಅಳುತ್ತಲೇ ಬರೆಯುತ್ತಿದ್ದೇನೆ ಅನ್ನುತ್ತಾನೆ. ಸಂತೋಷಿಸಿರಿ ಎಂಬ ಆ ದೊಡ್ಡ ಮಾತು ಬರುವುದು ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಹೆಂಗಸರು ಒಂದಾಗಲಿ ಎಂದು ಕೇಳಿಕೊಂಡ ಕೂಡಲೇ. ಸಭೆಯಲ್ಲಿ ಮುಖ ತಿರುಗಿಸಿಕೊಂಡು ಕೂತವರಿಗೆ ಸಂತೋಷ ನಿಲ್ಲುವುದಿಲ್ಲ, ಇದು ನಾನು ಅನುಭವದಿಂದ ಹೇಳುವ ಮಾತು.

4:11ರಲ್ಲಿ ಒಂದು ಪದ ಇದೆ: ಕಲಿತುಕೊಂಡಿದ್ದೇನೆ. ಪೌಲನಿಗೂ ಇದು ಕಲಿತು ಬಂದದ್ದು. ಕಾಫಿ ಹೂವು ಹಣ್ಣಾಗಲು ಅರೇಬಿಕಾದಲ್ಲೇ ಎಂಟೊಂಬತ್ತು ತಿಂಗಳು ಬೇಕು. ಗಲಾತ್ಯ 5:22 ಸಂತೋಷವನ್ನು ಆತ್ಮನ ಫಲ ಅನ್ನುತ್ತದೆ. ನಿನ್ನೆ ಪ್ರಾರ್ಥಿಸಿದೆ, ಇವತ್ತು ಇನ್ನೂ ಮನಸ್ಸು ಭಾರ ಅಂತ ಗಾಬರಿ ಬೇಡ.

ಇಲ್ಲಿ ಒಂದು ಎಚ್ಚರಿಕೆ. ದುಃಖದಲ್ಲಿ ಇರುವವರ ಮನೆಗೆ ಹೋಗಿ ಸಂತೋಷವಾಗಿರಿ ಅಂತ ವಚನ ಓದಬೇಡಿ, ದಯವಿಟ್ಟು. ರೋಮಾಪುರ 12:15 ಅಳುವವರ ಜೊತೆ ಅಳಿರಿ ಅನ್ನುತ್ತದೆ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ದೇವರ ವಾಕ್ಯವೇ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಅಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅದನ್ನು ವಿಶ್ವಾಸದ ಕೊರತೆ ಅನ್ನುವುದು ತಪ್ಪು. ಇನ್ನು ಕೆಲವೊಮ್ಮೆ ಸಂತೋಷ ಹೋಗಲು ನಾವೇ ಮಾಡಿದ ಪಾಪ ಕಾರಣ. ಕೀರ್ತನೆ 51:12ರಲ್ಲಿ ದಾವೀದ ಅದನ್ನು ತಿರುಗಿ ಕೊಡು ಎಂದು ಬೇಡುತ್ತಾನೆ. ಅಲ್ಲಿ ಮೊದಲು ತಪ್ಪು ಒಪ್ಪಿಕೊಳ್ಳಬೇಕು.

ದಿನನಿತ್ಯ ಏನು ಮಾಡೋದು ಅಂತ ಕೇಳಿದ್ದಿರಿ. ನಮ್ಮ ಮನೆಯಲ್ಲಿ ಸಂಜೆ ಪ್ರಾರ್ಥನೆಗೆ ಒಂದು ನಿಯಮ ಮಾಡಿದ್ದೇವೆ: "ಎಲ್ಲದಕ್ಕೂ ಸ್ತೋತ್ರ" ಅಂತ ಸುಮ್ನೆ ಹೇಳುವ ಹಾಗಿಲ್ಲ. ಆ ದಿನದ್ದೇ ಒಂದು ಸಂಗತಿ, ಹೆಸರಿಟ್ಟು ಹೇಳಬೇಕು. ಮೊನ್ನೆ ಮಗಳು "ಕರು ಎದ್ದು ನಿಂತಿತು" ಅಂದಳು. ಅಪ್ಪ "ಮಂಡಿ ನೋವು ಇವತ್ತು ಕಡಿಮೆ" ಅಂದರು. ನನಗೆ ಕೆಲವು ದಿನ ಏನೂ ಹೊಳೆಯುವುದಿಲ್ಲ. ಆಗ ಮನೆಯವರು ಹೇಳಿದ್ದಕ್ಕೆ ಆಮೆನ್ ಅನ್ನುತ್ತೇನೆ.

ಮುಂದಿನ ಬುಧವಾರ ನೆಹೆಮೀಯ 8. ಯೆಹೋವನ ಆನಂದವೇ ನಿಮ್ಮ ಬಲ ಎಂಬ ಮಾತು ಇರುವುದು ಅಲ್ಲೇ, 10ನೇ ವಚನ. ಬಹಳ ಮನೆಗಳ ಗೋಡೆಯ ಮೇಲೆ ಇದೆ. ಆದರೆ ಅದೇ ವಚನದ ಮೊದಲ ಭಾಗವನ್ನು ಯಾರೂ ಗೋಡೆಗೆ ಹಾಕುವುದಿಲ್ಲ: ಒಳ್ಳೆಯದನ್ನು ಊಟಮಾಡಿ, ಸಿಹಿಯಾದದ್ದನ್ನು ಕುಡಿಯಿರಿ, ಏನೂ ಸಿದ್ಧವಿಲ್ಲದವರಿಗೆ ಒಂದು ಪಾಲು ಕಳಿಸಿರಿ. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಈ ಸಲ ಹೊಸದಾಗಿ ಕೊಯ್ಲಿಗೆ ಬಂದ ಸಂಸಾರಗಳಿವೆ, ಇನ್ನೂ ಒಲೆ ಸರಿಯಾಗಿ ಹೂಡಿಲ್ಲ. ಬುಧವಾರದೊಳಗೆ ಒಂದು ಮನೆಗೆ ಒಂದು ಡಬ್ಬಿ ಕೊಟ್ಟು ಬನ್ನಿ, ಆಮೇಲೆ ಕೂತು ಈ ಅಧ್ಯಾಯ ಓದೋಣ.