ಶಕವರ್ಷದಿಂದ ಇಸವಿಗೆ: ಶಾಂತಲೆಯ ಶಾಸನದಲ್ಲಿ ನಾನು ತಪ್ಪಿದ ಮೂರು ವರ್ಷ

ಶಾಸನಗಳ ಪಾಠ ಅಚ್ಚಾಗಿರುವ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ನಮ್ಮ ಹಾಸನದ ಶಾಸನಗಳನ್ನು ಓದಲು ಕೂತಾಗ ಹಳಗನ್ನಡಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಇಸವಿ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಜೊತೆಗೆ ಓದುತ್ತಿರುವವರಿಗೂ ಉಪಯೋಗಕ್ಕೆ ಬರಲಿ.

ಮೂಲ ಲೆಕ್ಕ

ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ. ಮಾಘ, ಫಾಲ್ಗುಣ ಇದ್ದರೆ 79, ಯಾಕೆಂದರೆ ಯುಗಾದಿಗೆ ಮುಂಚೆಯೇ ಇಸವಿ ಬದಲಾಗಿರುತ್ತದೆ. ಪುಷ್ಯ ಮಾತ್ರ ಎರಡೂ ಕಡೆ ಬೀಳಬಹುದು, ತಿಥಿ ನೋಡಿಯೇ ಹೇಳಬೇಕು.

ಬೇಲೂರಿನಲ್ಲಿ ಹೊಯ್ಸಳ ಅರಸ ವಿಷ್ಣುವರ್ಧನನು ದೇವರ ಪ್ರತಿಷ್ಠೆ ಮಾಡಿಸಿದ್ದು ಶಕ 1039, ಹೇವಿಳಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಶನಿವಾರ. 1039ಕ್ಕೆ 78 ಸೇರಿಸಿದರೆ 1117. ಆ ದಿನ ಮಾರ್ಚ್ 10. ವಾರವೂ ಸರಿಯಾಗಿ ಶನಿವಾರವೇ ಬರುತ್ತದೆ.

ಸಂವತ್ಸರದ ತಾಳೆ

ಈ ಕಿರುದಾರಿ ನನಗೆ ತುಂಬಾ ಇಷ್ಟ. ಶಕವರ್ಷಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ. ಉಳಿದ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಪ್ರಭವ 1, ವಿಭವ 2, ಹೀಗೆ. ಶೇಷ ಸೊನ್ನೆ ಬಂದರೆ ಕೊನೆಯ ಅಕ್ಷಯ.

ಬೇಲೂರಿಗೆ ಹಾಕಿ ನೋಡಿ. 1039 + 12 = 1051. ಅದರಲ್ಲಿ 60ರ ಹದಿನೇಳು ಸುತ್ತು, ಅಂದರೆ 1020 ಕಳೆದರೆ 31. ಮೂವತ್ತೊಂದನೆಯದು ಹೇವಿಳಂಬಿ. ಕಲ್ಲಿನ ಮೇಲೂ ಅದೇ ಇದೆ.

12 ಯಾಕೆ ಅಂದರೆ, ಇದೇ ಸುತ್ತನ್ನು ಹಿಂದಕ್ಕೆ ಎಣಿಸುತ್ತಾ ಹೋದರೆ ಶಕ ಸೊನ್ನೆಯ ವರ್ಷ ಹನ್ನೆರಡನೆಯ ಬಹುಧಾನ್ಯಕ್ಕೆ ಬಂದು ನಿಲ್ಲುತ್ತದೆ. ಹೊಯ್ಸಳ, ವಿಜಯನಗರ ಕಾಲದ ನಮ್ಮ ಕಡೆಯ ಶಾಸನಗಳಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ.

ನಾನು ಸಿಕ್ಕಿಕೊಂಡ ಜಾಗ

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ವಿಷ್ಣುವರ್ಧನನ ರಾಣಿ ಶಾಂತಲೆಯ ಸಾವನ್ನು ಹೇಳುವ ಶಾಸನ ಇದೆ. ಆಕೆ ಶಿವಗಂಗೆಯಲ್ಲಿ ತೀರಿಕೊಂಡಳು. ನಾನು ಅಚ್ಚಾದ ಶಾಸನಪಾಠದಲ್ಲಿ ಓದಿದ್ದು 'ಸಕವರ್ಷ 1050'. ಸಂವತ್ಸರ ವಿರೋಧಿಕೃತ್. 78 ಕೂಡಿಸಿ ನೋಟ್ಸಿನಲ್ಲಿ 1128 ಎಂದು ಬರೆದೆ. ಆಮೇಲೆ ತಾಳೆ ನೋಡಿದೆ. 1050 + 12 = 1062. ಶೇಷ 42. ಅದು ಕೀಲಕ. ವಿರೋಧಿಕೃತ್ ಅಲ್ಲವೇ ಅಲ್ಲ.

ಸೂತ್ರವೇ ತಪ್ಪಿರಬೇಕು ಅಂದುಕೊಂಡೆ. 12ರ ಬದಲು 11 ಹಾಕಿದೆ, 13 ಹಾಕಿದೆ. ಯಾವುದೂ ಹತ್ತಿರ ಬರಲಿಲ್ಲ. ಕೊನೆಗೆ ನಮ್ಮಜ್ಜಿಯನ್ನು ಕೇಳಿದೆ. ಅಜ್ಜಿಗೆ ಅರವತ್ತು ಸಂವತ್ಸರವೂ ಬಾಯಿಪಾಠ. "ಕೀಲಕ ಆದ್ಮೇಲೆ ಯಾವ್ಯಾವುದು ಅಜ್ಜಿ?" ಅಂದೆ. ಅಜ್ಜಿ ಹೆಬ್ಬೆರಳಿಂದ ಕಿರುಬೆರಳಿನ ಗೆಣ್ಣು ಮುಟ್ಟುತ್ತಾ ಹೇಳಿದರು, "ಸೌಮ್ಯ, ಸಾಧಾರಣ, ವಿರೋಧಿಕೃತ್. ಮೂರೇ ಕಣೋ ಆಚೆಗಿರೋದು."

ಮೂರು. ಪುಸ್ತಕ ತೆರೆದು ಅದೇ ಸಾಲನ್ನು ಮತ್ತೆ ಓದಿದೆ. ಅಂಕಿಯ ಪಕ್ಕದಲ್ಲೇ ಒಂದು ಪದ ಇತ್ತು: 'ಮೂಱೆನೆಯ'. ಶಕಟರೇಫ ಇರುವ ಆ ಪದವನ್ನು ನಾನು ಸುಮ್ನೆ ದಾಟಿಕೊಂಡು ಹೋಗಿದ್ದೆ. ಱ ಅಂದರೆ ಹಳೆಯ ರ. ಮೂಱೆನೆಯ ಅಂದರೆ ಮೂರನೆಯ. '1050 ಮೂಱೆನೆಯ' ಅಂದರೆ 1053. ಕೆತ್ತಿದವನು ಅರ್ಧ ಅಂಕಿಯಲ್ಲಿ, ಅರ್ಧ ಅಕ್ಷರದಲ್ಲಿ ಬರೆದಿದ್ದಾನೆ. ಈಗ 1053 + 12 = 1065, ಶೇಷ 45, ವಿರೋಧಿಕೃತ್. ಇಸವಿ 1131.

ಆದ್ದರಿಂದ ಅಂಕಿ ಕಂಡ ಕೂಡಲೇ ನಿಲ್ಲಬೇಡಿ. 'ನೆಯ' ಎಂದು ಮುಗಿಯುವ ಪದ ಸಿಗುವವರೆಗೂ ಓದಿ. ಮೂರು ವರ್ಷ ತಾನೇ ಅನ್ನಿಸಬಹುದು. ಆದರೆ ಇದು ಒಬ್ಬ ಹೆಣ್ಣುಮಗಳ ಸಾವಿನ ದಿನ. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳು ಎಂಬುದೂ ಅದೇ ಶಾಸನದಲ್ಲಿದೆ. ಅದನ್ನು ಓದಿದ ಮೇಲೆ ನೋಟ್ಸಿನಲ್ಲಿ 1128 ಹಾಗೇ ಇರಲು ನನಗೆ ಮನಸ್ಸು ಬರಲಿಲ್ಲ.

ಒಂದೇ ವರ್ಷದ ವ್ಯತ್ಯಾಸ ಬಂದರೆ

ಅದಕ್ಕೆ ಕಾರಣ ಸಾಮಾನ್ಯವಾಗಿ ಬೇರೆ. ಕೆಲವು ಶಾಸನಗಳು ಮುಗಿದ ವರ್ಷವನ್ನು ಹೇಳುತ್ತವೆ (ಗತ), ಕೆಲವು ನಡೆಯುತ್ತಿರುವ ವರ್ಷವನ್ನು (ವರ್ತಮಾನ). ಲೆಕ್ಕದಲ್ಲಿ ಬಂದ ಸಂವತ್ಸರ ಕಲ್ಲಿನಲ್ಲಿರುವುದಕ್ಕಿಂತ ಒಂದು ಮುಂದಿದ್ದರೆ ಅದು ವರ್ತಮಾನ ಶಕ. ಆಗ 77 ಕೂಡಿಸಿ.

ಇನ್ನೊಂದು ಕೀಲಕ

ಅಭ್ಯಾಸಕ್ಕೆ ಬುಕ್ಕರಾಯನ ಬೆಳಗೊಳದ ಶಾಸನ ತೆಗೆದುಕೊಳ್ಳಿ. ಶಕ 1290. 12 ಕೂಡಿಸಿದರೆ 1302, ಶೇಷ 42, ಕೀಲಕ. ಕಲ್ಲಿನಲ್ಲೂ ಕೀಲಕವೇ. ಭಾದ್ರಪದ ಮಾಸ, ಹಾಗಾಗಿ 78 ಸಾಕು. 1368.

ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದು, ಜೈನರು ರಾಜನಿಗೆ ದೂರು ಕೊಟ್ಟಿದ್ದರು. ಬುಕ್ಕ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ತೀರ್ಪು ಅಲ್ಲಿಗೇ ನಿಲ್ಲಲಿಲ್ಲ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ಇಡಬೇಕು, ಮಿಕ್ಕ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಅದನ್ನು ನೋಡಿಕೊಳ್ಳುವ ಹೊಣೆ ತಿರುಮಲೆಯ ತಾತಯ್ಯ ಎಂಬ ವೈಷ್ಣವರದು. ಈ ಶಾಸನವನ್ನು ಪೂರ್ತಿ ಓದಿ. ಇಸವಿ ಗುರುತು ಹಾಕಿಕೊಂಡು ಮುಂದಕ್ಕೆ ಹೋಗಬೇಡಿ.

ಹಲ್ಮಿಡಿ

ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅದರಲ್ಲಿ ಶಕವರ್ಷವೇ ಇಲ್ಲ. ಸುಮಾರು 450 ಎನ್ನುವುದು ಅಕ್ಷರದ ರೂಪ, ಭಾಷೆ, ಅದರಲ್ಲಿ ಬರುವ ಅರಸರ ಹೆಸರು ನೋಡಿ ಹೇಳಿದ್ದು. ಲಿಪಿಯ ಪಾಠ ನಾನಿನ್ನೂ ಈಗಷ್ಟೇ ಶುರು ಮಾಡಿದ್ದೇನೆ.