ಮ್ಯಾಚಿಂಗ್ ನಂಬರ್: ಹಳೆಯ ಬೈಕಿನ ಜಾಹೀರಾತಿನಲ್ಲಿ ಈ ಮಾತಿನ ಅರ್ಥವೇನು?

ಹಳೆಯ ಮೋಟರ್‌ಸೈಕಲ್‌ಗಳನ್ನು ಆನ್‌ಲೈನ್‌ನಲ್ಲಿ ಮಾರುವವರ ಜಾಹೀರಾತುಗಳನ್ನು ನೋಡುತ್ತ ಹೋದರೆ ‘1965ರ ಜಾವಾ, ಮೈಸೂರು ಮೇಕ್, ಮ್ಯಾಚಿಂಗ್ ನಂಬರ್, ಪೇಪರ್ ಕ್ಲಿಯರ್’ ಎಂಬ ಧಾಟಿಯ ಒಕ್ಕಣೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಇವುಗಳಲ್ಲಿ ಬೆಲೆಯನ್ನು ಹೆಚ್ಚು ಏರಿಸುವುದು ಮೂರನೆಯ ಮಾತು. ವಿಚಿತ್ರವೆಂದರೆ, ಕೊಳ್ಳುವವರು ಪರೀಕ್ಷಿಸದೆ ಒಪ್ಪಿಕೊಂಡುಬಿಡುವುದೂ ಹೆಚ್ಚಾಗಿ ಅದನ್ನೇ.

ಕಾರ್ಖಾನೆಯಿಂದ ಹೊರಬಂದ ದಿನ ಯಾವ ಚಾಸಿಯಲ್ಲಿ, ಅಂದರೆ ಬೈಕಿನ ಚೌಕಟ್ಟಿನಲ್ಲಿ, ಯಾವ ಎಂಜಿನ್ ಕೂತಿತ್ತೋ ಅದೇ ಎಂಜಿನ್ ಅದೇ ಚಾಸಿಯಲ್ಲಿ ಈಗಲೂ ಇದೆ ಎಂಬುದು ‘ಮ್ಯಾಚಿಂಗ್ ನಂಬರ್’ ಎಂಬ ಮಾತಿನ ಅರ್ಥ. ಚಾಸಿ ನಂಬರು ಸಾಮಾನ್ಯವಾಗಿ ಹ್ಯಾಂಡಲ್‌ ಕೆಳಗಿನ ಹೆಡ್‌ಸ್ಟಾಕ್‌ ಮೇಲೂ ಎಂಜಿನ್ ನಂಬರು ಎಂಜಿನ್ನಿನ ಕೆಳಭಾಗದ ಲೋಹದ ಕವಚವಾದ ಕ್ರ್ಯಾಂಕ್‌ಕೇಸಿನ ಮೇಲೂ ಅಚ್ಚಾಗಿರುತ್ತವೆ. ಇವೆರಡೂ ಒಂದೇ ಸಂಖ್ಯೆಯಾಗಿರಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಅದು ಎಲ್ಲ ಕಂಪನಿಗಳಿಗೂ ಹೊಂದುವ ಮಾತಲ್ಲ. ನಂಬರುಗಳು ಪರಸ್ಪರ ಹೋಲುತ್ತವೆಯೇ ಎನ್ನುವುದಕ್ಕಿಂತ, ಆ ಜೋಡಿ ಕಾರ್ಖಾನೆಯ ಅಥವಾ ನೋಂದಣಿಯ ದಾಖಲೆಗೆ ಹೊಂದುತ್ತದೆಯೇ ಎನ್ನುವುದೇ ಕೇಳಬೇಕಾದ ಪ್ರಶ್ನೆ.

ಇಂಗ್ಲೆಂಡಿನ ವಿನ್ಸೆಂಟ್ ಬೈಕುಗಳು ಇದಕ್ಕೆ ಒಳ್ಳೆಯ ನಿದರ್ಶನ. ಎರಡನೆಯ ಮಹಾಯುದ್ಧದ ನಂತರ ತಯಾರಾದ ಎರಡು ಸಿಲಿಂಡರಿನ ವಿನ್ಸೆಂಟ್ ಟ್ವಿನ್‌ಗಳಲ್ಲಿ ಚಾಸಿ ನಂಬರಿನಿಂದ 1900 ಕಳೆದರೆ ಎಂಜಿನ್ ನಂಬರು ಬರಬೇಕು. ಎಂಜಿನ್ನಿನ ಮೇಲೆ 900 ಇದ್ದರೆ ಚಾಸಿಯ ಮೇಲೆ 2800 ಇರುವುದೇ ಸರಿಯಾದ ಹೊಂದಾಣಿಕೆ; ಎರಡರ ಮೇಲೂ ಒಂದೇ ಸಂಖ್ಯೆ ಕಂಡರೆ ಅಲ್ಲಿ ಏನೋ ಕೈವಾಡವಾಗಿದೆ ಎಂದೇ ಅರ್ಥ. ನಂಬರಿನ ಮುಂದೆ ಇದ್ದು ಮಾದರಿಯನ್ನು ಹೇಳುವ ಅಕ್ಷರಗಳಿಗೂ ಬೆಲೆಯಿದೆ: ‘ಎಫ್10ಎಬಿ/1’ ಎಂದಿದ್ದರೆ ರ‍್ಯಾಪಿಡ್, ‘1ಬಿ’ ಎಂದಿದ್ದರೆ ಬ್ಲ್ಯಾಕ್ ಶ್ಯಾಡೋ, ‘1ಸಿ’ ಎಂದಿದ್ದರೆ ಬ್ಲ್ಯಾಕ್ ಲೈಟ್ನಿಂಗ್. ರ‍್ಯಾಪಿಡ್‌ಗಿಂತ ಶ್ಯಾಡೋಗೆ ಬೆಲೆ ಬಹಳ ಹೆಚ್ಚಾದ್ದರಿಂದ ಒಂದೇ ಒಂದು ‘ಬಿ’ ಅಕ್ಷರವನ್ನು ನಂತರ ಒತ್ತಿ ಸೇರಿಸುವ ಆಸೆ ಯಾರಿಗೆ ಹುಟ್ಟೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ಅಮೆರಿಕದ ಹಾರ್ಲೆ-ಡೇವಿಡ್‌ಸನ್‌ನಲ್ಲಿ 1970ಕ್ಕೆ ಮೊದಲು ಚಾಸಿಯ ಮೇಲೆ ನೋಂದಣಿಯ ನಂಬರೇ ಇರುತ್ತಿರಲಿಲ್ಲ. ಎಂಜಿನ್ ನಂಬರೇ ಗಾಡಿಯ ನಂಬರು. ಹಾಗಾಗಿ ‘1950ರ ಹಾರ್ಲೆ, ಎಂಜಿನ್ ಮತ್ತು ಚಾಸಿ ನಂಬರ್ ಮ್ಯಾಚಿಂಗ್’ ಎಂದು ಯಾರಾದರೂ ಬರೆದಿದ್ದರೆ ಅವರಿಗೆ ಗಾಡಿ ಗೊತ್ತಿಲ್ಲ, ಇಲ್ಲವೇ ಕೊಳ್ಳುವವರಿಗೆ ಗೊತ್ತಿಲ್ಲವೆಂದು ಅವರು ಭಾವಿಸಿದ್ದಾರೆ.

ಬ್ರಿಟಿಷ್ ಬೈಕುಗಳ ವಿಷಯದಲ್ಲಿ ಕೊಳ್ಳುವವರಿಗೆ ಒಂದು ಅನುಕೂಲವಿದೆ. ಹಲವು ಕಂಪನಿಗಳ ಹಳೆಯ ರವಾನೆ ದಾಖಲೆಗಳು ಅಲ್ಲಿನ ವಿಂಟೇಜ್ ಮೋಟರ್ ಸೈಕಲ್ ಕ್ಲಬ್‌ನಂತಹ ಸಂಸ್ಥೆಗಳಲ್ಲಿ ಉಳಿದುಕೊಂಡಿವೆ. ಅವನ್ನು ನೋಡಿ ಇಂಥ ಗಾಡಿ ಇಂಥ ದಿನ ಇಂಥ ಡೀಲರಿಗೆ ಹೋಯಿತೆಂದು ಪ್ರಮಾಣಪತ್ರ ಬರೆದುಕೊಡುತ್ತಾರೆ. ನಮ್ಮಲ್ಲಿ ಬೈಕ್ ಕೊಳ್ಳುವ ಸಾಮಾನ್ಯ ಗ್ರಾಹಕನ ಕೈಗೆ ಸಿಗುವ ದಾಖಲೆ ಎಂದರೆ ಆರ್‌ಸಿ ಬುಕ್ ಒಂದೇ. ಅದರ ಮೇಲೇ ಎಲ್ಲ ಭಾರವೂ ಬೀಳುವುದರಿಂದ ಅದನ್ನು ಓದುವ ಕ್ರಮವನ್ನು ಕಲಿಯಬೇಕಾಗುತ್ತದೆ, ಅದರಲ್ಲಿಯೂ ಮೈಸೂರಿನ ಜಾವಾ ಕೊಳ್ಳುವವರು.

ಐಡಿಯಲ್ ಜಾವಾ ಕಂಪನಿ ಮೈಸೂರಿನಲ್ಲಿ ಹುಟ್ಟಿದ್ದು 1960ರಲ್ಲಿ. ಮರುವರ್ಷ ಯಾದವಗಿರಿಯ ಕಾರ್ಖಾನೆಯಿಂದ ಬೈಕುಗಳು ಹೊರಬರತೊಡಗಿದವು. ಚೆಕೊಸ್ಲೊವಾಕಿಯದ ಜಾವಾ ವಿನ್ಯಾಸವನ್ನೇ ಅನುಸರಿಸಿದ 250 ಸಿಸಿಯ ಈ ಟೂ ಸ್ಟ್ರೋಕ್ ಬೈಕುಗಳು 1970ರ ದಶಕದ ಆರಂಭದವರೆಗೆ ಜಾವಾ ಹೆಸರಿನಲ್ಲಿಯೂ, ಅಲ್ಲಿಂದ 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೆ ಯೆಜ್ಡಿ ಹೆಸರಿನಲ್ಲಿಯೂ ಮಾರಾಟವಾದವು. ಹೆಸರು ಬದಲಾಯಿತೇ ಹೊರತು, ಮೊದಲ ಯೆಜ್ಡಿಗಳಲ್ಲಿ ಗಾಡಿ ಅಷ್ಟಾಗಿ ಬದಲಾಗಲಿಲ್ಲ. ಒಂದರ ಬಿಡಿಭಾಗ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಕಿಕ್ಕರೂ ಗೇರ್ ಲಿವರೂ ಒಂದೇ ಆಗಿರುವ ಆ ಪ್ರಸಿದ್ಧ ವ್ಯವಸ್ಥೆ ಎರಡರಲ್ಲಿಯೂ ಇದೆ, ಜೋಡಿ ಸೈಲೆನ್ಸರೂ ಎರಡರಲ್ಲಿಯೂ ಇದೆ. ಆದರೆ ಮಾರುಕಟ್ಟೆಯಲ್ಲಿ ಜಾವಾ ಹೆಸರಿಗೆ ಯೆಜ್ಡಿಗಿಂತ ಹೆಚ್ಚಿನ ಬೆಲೆ. ಪರಿಣಾಮವಾಗಿ, ಟ್ಯಾಂಕಿನ ಬ್ಯಾಡ್ಜ್ ಬದಲಿಸಿ, ಹೆಸರು ಎರಕವಾಗಿರುವ ಎಂಜಿನ್ ಕವರನ್ನು ನಾಲ್ಕಾರು ಸ್ಕ್ರೂ ಬಿಚ್ಚಿ ಬದಲಿಸಿ, ಮರೂನ್ ಬಣ್ಣ ಹೊಡೆಸಿ ಯೆಜ್ಡಿಯನ್ನು ಜಾವಾ ಮಾಡುವುದು ಒಂದು ಕಸುಬೇ ಆಗಿಹೋಗಿದೆ.

ಇಲ್ಲಿ ಆರ್‌ಸಿ ಬುಕ್ಕಿನಲ್ಲಿ ಒಂದು ಸೂಕ್ಷ್ಮವಿದೆ. ಬೈಕಿನ ಹೆಸರು ಯೆಜ್ಡಿ ಆದ ಮೇಲೂ ಕಂಪನಿಯ ಹೆಸರು ಐಡಿಯಲ್ ಜಾವಾ ಎಂದೇ ಉಳಿದಿತ್ತು. ಆದ್ದರಿಂದ ತಯಾರಕರ ಹೆಸರಿನ ಕಾಲಮಿನಲ್ಲಿ ‘ಐಡಿಯಲ್ ಜಾವಾ’ ಎಂದು ಬರೆದಿದ್ದರೆ ಅದರಿಂದ ಆ ಗಾಡಿ ಜಾವಾ ಎಂದು ಸಿದ್ಧವಾಗುವುದಿಲ್ಲ. 1980ರ ದಶಕದ ಯೆಜ್ಡಿಯ ಆರ್‌ಸಿಯಲ್ಲಿಯೂ ಅದೇ ಹೆಸರು ಇರಬಹುದು. ಮಾರುವವರು ಬೆರಳಿಟ್ಟು ತೋರಿಸುವುದು ಈ ಕಾಲಮನ್ನು. ಕೊಳ್ಳುವವರು ನೋಡಬೇಕಾದದ್ದು ತಯಾರಾದ ವರ್ಷ, ಮೊದಲ ನೋಂದಣಿಯ ದಿನಾಂಕ, ಮತ್ತು ನೋಂದಣಿ ಸಂಖ್ಯೆಯ ಸರಣಿ. ಹಳೆಯ ಮೈಸೂರು ರಾಜ್ಯದ ಕಾಲದ ‘ಎಂವೈ’ ಎಂದು ಶುರುವಾಗುವ ಸಂಖ್ಯೆ ಉಳಿದಿದ್ದರೆ ಅದು ಒಳ್ಳೆಯ ಸೂಚನೆ. ‘ಕೆಎ’ ಸರಣಿ ಬಂದದ್ದು 1989ರ ಸುಮಾರಿಗೆ, ಆದ್ದರಿಂದ 1965ರ ಗಾಡಿಗೆ ‘ಕೆಎ’ ಸಂಖ್ಯೆ ಇದ್ದರೆ ಮರುನೋಂದಣಿ ಯಾವಾಗ, ಯಾಕೆ ಆಯಿತೆಂದು ಕೇಳಲೇಬೇಕು.

ನಂಬರುಗಳ ಹೊಂದಾಣಿಕೆ ತಪ್ಪಿರುವುದೆಲ್ಲ ಮೋಸವಲ್ಲ ಎಂಬುದನ್ನೂ ಹೇಳಬೇಕು. ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗಗಳು ದುರ್ಲಭವಾದಾಗ, ಕ್ರ್ಯಾಂಕ್ ಹೋದ ಎಂಜಿನ್ನನ್ನು ಕೆಳಗಿಳಿಸಿ ಗುಜರಿಯಿಂದ ತಂದ ಇನ್ನೊಂದನ್ನು ಕೂರಿಸುವುದೇ ಮೆಕ್ಯಾನಿಕ್‌ಗಳಿಗೆ ಸುಲಭದ ದಾರಿಯಾಗಿತ್ತು. ಗಾಡಿ ದಿನವೂ ಓಡಬೇಕಿದ್ದ ಕಾಲದಲ್ಲಿ ನಂಬರಿನ ಚಿಂತೆ ಯಾರಿಗಿತ್ತು? ಎಂಜಿನ್ ಬದಲಿಸಿದರೆ ಅದನ್ನು ಆರ್‌ಸಿಯಲ್ಲಿ ನಮೂದಿಸಬೇಕೆಂಬ ನಿಯಮವನ್ನು ಬಹುಪಾಲು ಜನ ಪಾಲಿಸಲಿಲ್ಲ, ಅಷ್ಟೇ. ಕೈಬರಹದ ಆರ್‌ಸಿಗಳಲ್ಲಿ ಗುಮಾಸ್ತರ ಕೈತಪ್ಪಿನಿಂದ 3 ಹೋಗಿ 8 ಆದದ್ದೂ, ನಂಬರಿನ ಮುಂದಿನ ಅಕ್ಷರ ಬಿಟ್ಟುಹೋದದ್ದೂ ಉಂಟು. ಇಂಥ ತಪ್ಪಿದ್ದರೆ ಮಾರುವವರೇ ಆರ್‌ಟಿಒ ಕಚೇರಿಯಲ್ಲಿ ತಿದ್ದಿಸಿಕೊಡಲಿ. ಕೊಂಡ ಮೇಲೆ ತಿದ್ದಿಸಿಕೊಳ್ಳುತ್ತೇನೆ ಎನ್ನುವವರು ಆ ಓಡಾಟವನ್ನು ಕಂಡವರಲ್ಲ.

ನಿಜವಾದ ಮೋಸ ಇರುವುದು ಅಳಿಸಿ ಮತ್ತೆ ಒತ್ತಿದ ನಂಬರುಗಳಲ್ಲಿ. ಕಾರ್ಖಾನೆಯಲ್ಲಿ ಲೋಹದ ಪಂಚ್‌ನಿಂದ ಒತ್ತಿದ ಅಂಕಿಗಳಿಗೆ ಅವುಗಳದೇ ಒಂದು ಮುಖಚರ್ಯೆ ಇರುತ್ತದೆ: 4ರ ಬಾಯಿ ತೆರೆದಿದೆಯೋ ಮುಚ್ಚಿದೆಯೋ, 1ರ ತಲೆಗೆ ಕೊಕ್ಕೆ ಇದೆಯೋ ಇಲ್ಲವೋ ಎಂಬುದೆಲ್ಲ ಅದೇ ಕಾಲದ ಬೇರೆ ಬೈಕುಗಳ ಅಂಕಿಗಳಿಗೆ ಹೊಂದಬೇಕು. ಅಂಕಿಗಳ ಸುತ್ತಲಿನ ಲೋಹ ಇನ್ನಷ್ಟು ಮಾತನಾಡುತ್ತದೆ. ಎಂಜಿನ್ನಿನ ಉಳಿದ ಮೈಯೆಲ್ಲ ಎರಕದ ತರಿತರಿಯಿಂದ ಕೂಡಿದ್ದು, ನಂಬರಿರುವ ಜಾಗ ಮಾತ್ರ ಕನ್ನಡಿಯಂತೆ ನುಣುಪಾಗಿದ್ದರೆ, ಅಥವಾ ಅಲ್ಲಿ ತುಸು ತಗ್ಗಿದ್ದು ಗ್ರೈಂಡರಿನ ಗೆರೆಗಳು ಒಂದೇ ದಿಕ್ಕಿಗೆ ಓಡಿದ್ದರೆ, ಅಲ್ಲಿಂದ ಹಳೆಯ ನಂಬರು ಎದ್ದುಹೋಗಿದೆ. ಈ ತೊಂದರೆ ತಪ್ಪಿಸಲೆಂದೇ ಟ್ರಯಂಫ್ ಕಂಪನಿ 1969ರ ಸುಮಾರಿಗೆ ಎಂಜಿನ್ ನಂಬರಿನ ಜಾಗದ ತುಂಬ ಚಿಕ್ಕ ಚಿಕ್ಕ ಟ್ರಯಂಫ್ ಲಾಂಛನಗಳನ್ನು ಮೂಡಿಸಿ ಅವುಗಳ ಮೇಲೆ ನಂಬರು ಒತ್ತತೊಡಗಿತು. ನಂಬರು ಉಜ್ಜಿದರೆ ಲಾಂಛನಗಳೂ ಹೋಗುತ್ತವೆ. ಉಜ್ಜಿ ತೆಗೆದ ಅಂಕಿ ಕೂಡ ಪೂರ್ತಿ ಅಳಿಯುವುದಿಲ್ಲ ಎಂಬುದು ಕುತೂಹಲದ ಸಂಗತಿ. ಪಂಚ್‌ನ ಏಟಿಗೆ ಅಂಕಿಯ ಅಡಿಯ ಲೋಹವೂ ಒತ್ತಲ್ಪಟ್ಟಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಆ ಜಾಗಕ್ಕೆ ರಾಸಾಯನಿಕ ಸವರಿದಾಗ ಹಳೆಯ ಅಂಕಿ ಎಷ್ಟೋ ಸಲ ಮತ್ತೆ ಮೂಡಿಬರುತ್ತದೆ.

ಹೊಸದಾಗಿ ಒತ್ತಿದ್ದೆಲ್ಲವೂ ಅಪರಾಧವೇ ಎಂದೂ ಅಲ್ಲ. ಒಡೆದ ಕ್ರ್ಯಾಂಕ್‌ಕೇಸಿಗೆ ಬದಲಾಗಿ ಬ್ರಿಟಿಷ್ ಕಂಪನಿಗಳು ನಂಬರಿಲ್ಲದ ಖಾಲಿ ಕೇಸುಗಳನ್ನು ಕೊಡುವುದಿತ್ತು. ಡೀಲರು ಹಳೆಯ ನಂಬರನ್ನೇ ಅದರ ಮೇಲೆ ಒತ್ತುತ್ತಿದ್ದ. ಅದಕ್ಕೆ ಆ ಕಾಲದ ರಸೀದಿ ಇದ್ದರೆ ಸರಿ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ಇದನ್ನೆಲ್ಲ ಕೈಯಿಂದ ಮುಟ್ಟಿ ನೋಡುವ ಹಾಗಿಲ್ಲವಾದ್ದರಿಂದ ಸರಿಯಾದ ಸಾಕ್ಷ್ಯವನ್ನು ಕೇಳಿ ತರಿಸಿಕೊಳ್ಳಬೇಕು. ನೇರ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಉಜ್ಜಿದ ಗುರುತು ಕಾಣುವುದಿಲ್ಲ. ಟಾರ್ಚನ್ನು ಪಕ್ಕದಿಂದ ಹಿಡಿದು, ಬೆಳಕು ಲೋಹದ ಮೇಲೆ ಓರೆಯಾಗಿ ಬೀಳುವಂತೆ ಮಾಡಿದರೆ ಅದು ಎದ್ದು ಕಾಣುತ್ತದೆ. ನಂಬರ್ ಪ್ಲೇಟಿನಿಂದ ಶುರುವಾಗಿ, ಚಾಸಿ ನಂಬರಿಗೆ ಹೋಗಿ, ಎಂಜಿನ್ ನಂಬರಿನಲ್ಲಿ ಮುಗಿಯುವ, ನಡುವೆ ಎಲ್ಲಿಯೂ ತುಂಡಾಗದ ಒಂದು ವಿಡಿಯೋ ಹತ್ತು ಫೋಟೋಗಳಿಗಿಂತ ಮೇಲು. ಜೊತೆಗೆ, ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚನ್ನೂ ಕೇಳಬಹುದು. ಫೋಟೋದಲ್ಲಿ ಕಾಣದ ಅಂಕಿಯ ಆಳವೂ ಅಂಚೂ ಪೆನ್ಸಿಲ್ ಅಚ್ಚಿನಲ್ಲಿ ಗೊತ್ತಾಗುತ್ತವೆ. ಇವನ್ನು ಕಳಿಸಲು ತಕರಾರು ಮಾಡುತ್ತ, ಬೇರೆ ಗಿರಾಕಿ ಬಂದಿದ್ದಾರೆ, ಅಡ್ವಾನ್ಸ್ ಹಾಕಿ ಎನ್ನುವವರಿಂದ ದೂರವಿರುವುದು ಕ್ಷೇಮ.

ಇಷ್ಟಾದರೂ ಮ್ಯಾಚಿಂಗ್ ನಂಬರ್ ಎಂಬುದು ಗಾಡಿಯ ಗುರುತನ್ನು ಮಾತ್ರ ಖಚಿತಪಡಿಸುತ್ತದೆ. ಟ್ಯಾಂಕು, ಮಡ್‌ಗಾರ್ಡು, ಸ್ಪೀಡೋಮೀಟರು, ವೈರಿಂಗ್ ಎಲ್ಲ ಹೊಸದಾಗಿದ್ದರೂ ನಂಬರುಗಳು ಹೊಂದಬಹುದು. ಗಾಡಿಯ ಅಸಲಿತನ ಬೇರೆಯೇ ಲೆಕ್ಕ, ಅದರ ಸುಸ್ಥಿತಿ ಇನ್ನೂ ಬೇರೆ; ಜಾಹೀರಾತಿನಲ್ಲಿ ಮೂರನ್ನೂ ಬೆರೆಸಿ ಒಂದೇ ಬೆಲೆ ಹೇಳುತ್ತಾರೆ. ಅಸಲಿತನ ಹುಡುಕುವವರು ಹೊಳೆಯುವ ಭಾಗಗಳನ್ನು ಬಿಟ್ಟು ಸೀಟಿನ ಅಡಿ, ಟ್ಯಾಂಕಿನ ತಳ, ಟೂಲ್‌ಬಾಕ್ಸಿನ ಒಳಮೈ ನೋಡಬೇಕು. ಮೊದಲ ಬಣ್ಣ ಉಳಿದಿರುವುದು ಅಲ್ಲಿಯೇ. ಟ್ಯಾಂಕಿನ ಗೆರೆ ಕುಂಚದಿಂದ ಎಳೆದದ್ದಾದರೆ ಅದರ ದಪ್ಪ ಅಲ್ಲಲ್ಲಿ ತುಸು ಏರುಪೇರಾಗಿರುತ್ತದೆ, ಸ್ಟಿಕ್ಕರಿನಲ್ಲಿ ಹಾಗಿರುವುದಿಲ್ಲ. ಎಂಜಿನ್ ಕವರಿನಲ್ಲಿ ಗೀರಿನ ತಲೆಯ ಸ್ಕ್ರೂಗಳ ಜಾಗದಲ್ಲಿ ಆಲನ್ ಬೋಲ್ಟ್ ಇದ್ದರೆ ಎಂಜಿನ್ ಬಿಚ್ಚಿ ಕಟ್ಟಿದ್ದಾರೆ ಎಂದು ತಿಳಿಯಬೇಕು, ದೋಷವೆಂದಲ್ಲ. ನನ್ನ ಮಟ್ಟಿಗೆ, ಬಣ್ಣ ಮಾಸಿದ ಅಸಲಿ ಗಾಡಿಗೆ ಫಳಫಳಿಸುವ ರಿಸ್ಟೋರ್ ಗಾಡಿಗಿಂತ ಹೆಚ್ಚು ಕೊಡುವುದು ನ್ಯಾಯ. 1951ರ ಒಂದು ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್ 2018ರ ಜನವರಿಯಲ್ಲಿ ಲಾಸ್ ವೇಗಸ್‌ನ ಬಾನಮ್ಸ್ ಹರಾಜಿನಲ್ಲಿ 9,29,000 ಡಾಲರಿಗೆ ಹೋದಾಗ ಕೊಂಡವರು ಬೆಲೆ ಕಟ್ಟಿದ್ದು, ಆಸ್ಟ್ರೇಲಿಯದ ಜ್ಯಾಕ್ ಎರೆಟ್ ವೇಗದ ದಾಖಲೆ ಮಾಡಿದ ಗಾಡಿ ಇದೇ ಎಂಬ ಅವಿಚ್ಛಿನ್ನ ಇತಿಹಾಸಕ್ಕೆ.

ನಮ್ಮಲ್ಲಿ ಕಾನೂನೂ ಈಗ ಅಸಲಿತನದ ಮಾತಾಡುತ್ತಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ ಮತ್ತು ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ಸಿಗುತ್ತದೆ; ಹೊಸದಾಗಿ ನೋಂದಾಯಿಸುವ ಗಾಡಿಗೆ ‘ವಿಎ’ ಅಕ್ಷರಗಳುಳ್ಳ ಸಂಖ್ಯೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರ ಮರುನೋಂದಣಿಗೆ 5,000 ರೂಪಾಯಿ ಶುಲ್ಕ ಗೊತ್ತುಪಡಿಸಲಾಯಿತು. ಯೆಜ್ಡಿ ಎಂಜಿನ್ ಕೂರಿಸಿದ 1965ರ ಜಾವಾವನ್ನು ಈ ವರ್ಗಕ್ಕೆ ಸೇರಿಸಲು ಹೊರಟರೆ ಎಂಜಿನ್ ನಂಬರಿನ ಪ್ರಶ್ನೆ ಎದುರಾಗದೆ ಇರದು.

ಹಾಗೆಂದು ಅಂಥ ಗಾಡಿಯನ್ನು ಕೊಳ್ಳಲೇಬಾರದೆಂದಲ್ಲ. ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣದವರೆಗೆ ಓಡಿಸಿ ಬರುವುದಷ್ಟೇ ಉದ್ದೇಶವಾಗಿದ್ದರೆ, ಎಂಜಿನ್ ಬದಲಾಗಿದೆ ಎಂದು ಮಾರುವವರು ತಾವಾಗಿಯೇ ಹೇಳಿದ್ದರೆ, ಬೆಲೆಯಲ್ಲಿ ಅದು ಕಾಣಿಸಿದ್ದರೆ, ವ್ಯವಹಾರ ಮುಂದುವರಿಸಬಹುದು. ಬದಲಾದ ಎಂಜಿನ್ ನಂಬರು ಮಾರುವವರ ಹೆಸರಿನಲ್ಲಿರುವಾಗಲೇ ಆರ್‌ಸಿಯಲ್ಲಿ ನಮೂದಾಗಬೇಕು. ಅದಾಗುವವರೆಗೆ ಪೂರ್ತಿ ಹಣ ಕೊಡಬಾರದು.