ಆಫೀಸಿಗೆ ಬಾಳೆಕಂಬ, ಅಂಗಡಿಗೆ ಬಾವುಟ: ಈ ಜಗಳ ಎಲ್ಲಿಂದ ಬಂತು?

ಕೆಲಸದ ಜಾಗದಲ್ಲಿ ಹಬ್ಬದ ಪೂಜೆ, ಅಲಂಕಾರ ಇರ್ಬೇಕಾ ಬೇಡ್ವಾ ಅನ್ನೋ ಜಗಳದ ಕಥೆ ಇದು. ಆಯುಧಪೂಜೆ ದಿನ ಬಸ್ಸಿಗೆ ಹೂವು ಬಾಳೆಕಂಬ ಕಟ್ಟೋಕೆ ಕೆಎಸ್‌ಆರ್‌ಟಿಸಿಯವ್ರೇ ದುಡ್ಡು ಕೊಡ್ತಾರೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. 2008ರ ತನಕ ಬಸ್ಸಿಗೆ 10 ರೂಪಾಯಿ ಇತ್ತಂತೆ, 2009ರಲ್ಲಿ 30 ಆಯ್ತು, 2016ರಲ್ಲಿ 50, 2017ರಲ್ಲಿ 100. 2024ರ ದಸರಾ ಹೊತ್ತಿಗೆ ನೂರು ರೂಪಾಯಿಗೆ ಏನ್ ಬರುತ್ತೆ ಸ್ವಾಮಿ, ಹಬ್ಬದ ರೇಟಲ್ಲಿ ಒಂದು ಮಾರು ಸೇವಂತಿಗೆಗೇ ಸಾಲಲ್ಲ ಅಂತ ಗಲಾಟೆ ಆಗಿ ಕೊನೆಗೆ 250 ಮಾಡಿದ್ರು. ಗಲಾಟೆ ಪೂರ್ತಿ ದುಡ್ಡು ಕಡಿಮೆ ಆಯ್ತು ಅನ್ನೋದ್ರ ಮೇಲೆ. ಸರ್ಕಾರಿ ನಿಗಮ ಪೂಜೆಗೆ ದುಡ್ಡು ಯಾಕೆ ಕೊಡ್ಬೇಕು ಅಂತ ಕೇಳಿದವ್ರು ನನ್ನ ಕಣ್ಣಿಗಂತೂ ಬೀಳಲಿಲ್ಲ. ಸಂವಿಧಾನದ 27ನೇ ವಿಧಿ ಏನ್ ಹೇಳುತ್ತೆ ಅಂದ್ರೆ, ಒಂದು ನಿರ್ದಿಷ್ಟ ಧರ್ಮವನ್ನ ಬೆಳೆಸೋದಕ್ಕೆ ಅಂತ ಯಾರ ಹತ್ರನೂ ತೆರಿಗೆ ವಸೂಲಿ ಮಾಡಂಗಿಲ್ಲ. ಬಸ್ಸಿನ ಹೂವಿನ ದುಡ್ಡು ಟಿಕೆಟ್ಟಿಂದ ಬಂದಿದ್ದು ತೆರಿಗೆ ಅಲ್ಲ ಅಂತ ವಾದ ಮಾಡ್ಬೋದು ಬಿಡಿ, ಆದ್ರೆ ಆ ವಾದ ಮಾಡೋ ಪ್ರಸಂಗವೇ ಬಂದಿಲ್ಲ.

ಯಾಕೆ ಬಂದಿಲ್ಲ ಅಂತ ತಿಳ್ಕೋಬೇಕು ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ವಿಜಯನಗರದ ಅರಸರು ಮಹಾನವಮಿ ಮಾಡ್ತಿದ್ರು, ಹಂಪಿಯ ಮಹಾನವಮಿ ದಿಬ್ಬ ಇವತ್ತಿಗೂ ಇದೆ. ಅದನ್ನೇ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ್ರು, ಅಲ್ಲಿಂದ ಮೈಸೂರಿಗೆ ಬಂತು. ಅರಮನೇಲಿ ಕತ್ತಿ ಗುರಾಣಿ ಪಟ್ಟದ ಆನೆ ಕುದುರೆಗೆ ಪೂಜೆ, ಊರಲ್ಲಿ ರೈತ ನೇಗಿಲು ಕುಡುಗೋಲಿಗೆ, ನೇಕಾರ ಮಗ್ಗಕ್ಕೆ, ಶೆಟ್ರು ತಕ್ಕಡಿಗೆ, ಟೈಲರ್ ಮಷಿನ್ನಿಗೆ. ಒಟ್ನಲ್ಲಿ ಯಾವುದ್ರಿಂದ ಹೊಟ್ಟೆ ತುಂಬುತ್ತೋ ಅದಕ್ಕೆ ಒಂದು ದಿನ ಕೈ ಮುಗಿಯೋದು. ರಾಜರ ಹಬ್ಬ ಕಾರ್ಖಾನೆ ಒಳಗೆ ಬಂದಿದ್ದು ಈ ದಾರೀಲೇ. ಬೆಂಗಳೂರಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಒಂದಾದ ಮೇಲೊಂದು ಶುರುವಾದ್ವು. ಸುತ್ತಮುತ್ತಲ ಊರುಗಳಿಂದ ಕೆಲಸಕ್ಕೆ ಬಂದೋರು ಮನೇಲಿ ನೇಗಿಲಿಗೆ ಇಡ್ತಿದ್ದ ಕುಂಕುಮಾನ ಇಲ್ಲಿ ಲೇತಿಗೆ ಇಟ್ರು, ಅದಕ್ಕೇನು ಮ್ಯಾನೇಜ್‌ಮೆಂಟ್ ಆರ್ಡರ್ ಬೇಕಿರಲಿಲ್ಲ.

ಪೀಣ್ಯ ಕಡೆಯ ಯಾವುದಾದ್ರೂ ಸಣ್ಣ ಶೆಡ್ಡಿಗೆ ಆ ಟೈಮಲ್ಲಿ ಹೋಗಿ ನೋಡಿ. ಹಿಂದಿನ ದಿನ ಮಧ್ಯಾಹ್ನಾನೇ ಪವರ್ ಆಫ್ ಮಾಡಿ, ಕಾಟನ್ ವೇಸ್ಟಲ್ಲಿ ಗ್ರೀಸು ಆಯಿಲು ಒರೆಸಿ, ಟ್ರೇ ಒಳಗಿನ ಕಬ್ಬಿಣದ ಚೂರೆಲ್ಲ ಗೋರಿ ಹಾಕಿ, ಮೆಷಿನ್ನಿಗೆ ವಿಭೂತಿ ಪಟ್ಟೆ ಎಳೆದು ನಡುವೆ ಕುಂಕುಮ ಇಟ್ಟು, ಸ್ಪ್ಯಾನರ್ರು ವರ್ನಿಯರ್ರು ಎಲ್ಲ ಬೆಂಚ್ ಮೇಲೆ ಸಾಲಾಗಿ ಜೋಡಿಸ್ತಾರೆ, ವರ್ಷದಲ್ಲಿ ಆ ಮೆಷಿನ್ನು ಅಷ್ಟು ಕ್ಲೀನಾಗಿ ಕಾಣೋದು ಅವತ್ತೊಂದೇ ದಿನ. ಬೂದುಗುಂಬಳಕ್ಕೆ ಮೇಲ್ಗಡೆ ತೂತು ಕೊರೆದು ಒಳಗೆ ಕುಂಕುಮ ಚಿಲ್ಲರೆ ಕಾಸು ತುಂಬಿ, ಕರ್ಪೂರ ಹಚ್ಚಿ ದೃಷ್ಟಿ ತೆಗೆದು ಗೇಟ್ ಮುಂದೆ ಒಡೀತಾರೆ, ಕಾಸಿಗೆ ಹುಡುಗ್ರು ಮುಗಿಬೀಳ್ತಾರೆ. ಆಮೇಲೆ ಎಲ್ರಿಗೂ ಒಂದು ಪೊಟ್ಟಣ ಕಡ್ಲೆಪುರಿ, ಸ್ವೀಟ್ ಬಾಕ್ಸು, ಓನರ್ ಮನಸ್ಸು ಚೆನ್ನಾಗಿದ್ರೆ ಕವರಲ್ಲಿ ದುಡ್ಡು. (ಒಡೆದ ಕುಂಬಳಕಾಯಿ ರಸ್ತೇಲೇ ಬಿಟ್ಟು ಹೋಗಿ ಹಿಂದೆ ಬರೋ ಬೈಕಿನವ್ರು ಜಾರಿ ಬೀಳೋದು ಬೇರೆ ಕಥೆ, ಪ್ರತಿ ವರ್ಷ ಪೊಲೀಸ್ರು ರಸ್ತೇಲಿ ಒಡೀಬೇಡ್ರಪ್ಪ ಅಂತಾರೆ, ಪ್ರತಿ ವರ್ಷ ಒಡೀತಾರೆ.)

ಇಲ್ಲಿ ಸಾಬ್ರು, ಕ್ರಿಶ್ಚಿಯನ್ನರು ಏನ್ ಮಾಡ್ತಿದ್ರು ಅನ್ನೋದು ಮುಖ್ಯ. ಬೆಂಗಳೂರು ಮೈಸೂರಲ್ಲಿ ಗ್ಯಾರೇಜು, ವೆಲ್ಡಿಂಗು, ಪಂಕ್ಚರ್ ಅಂಗಡಿ ಇಟ್ಟಿರೋ ಮುಸ್ಲಿಮರು ಎಷ್ಟು ಜನ ಇಲ್ಲ, ಅವ್ರಲ್ಲಿ ಅದೆಷ್ಟೋ ಜನ ಅವತ್ತು ಅಂಗಡಿ ತೊಳೆದು ಹೂವು ಹಾಕ್ತಾರೆ, ಪೂಜೆ ಮಾಡೋಕೆ ಜೊತೆ ಕೆಲಸದ ಹುಡುಗಂಗೆ ಹೇಳ್ತಾರೆ, ಸ್ವೀಟ್ ಹಂಚ್ತಾರೆ. ಮೆಷಿನ್ನು ಅವ್ರದೂ ತಾನೆ. ಹಾಗಂತ ಇದನ್ನ ತೀರಾ ಸೌಹಾರ್ದದ ಕ್ಯಾಲೆಂಡರ್ ಫೋಟೋ ಥರ ಮಾಡೋದೂ ಬೇಡ. ಇಷ್ಟ ಇಲ್ಲದೋನು ನಂಗೆ ಬೇಡ ಅಂತ ಹೇಳೋ ಜಾಗ ಇತ್ತಾ? ಇರಲಿಲ್ಲ. ಅವನು ಸುಮ್ನೆ ಪಕ್ಕದಲ್ಲಿ ನಿಂತಿರ್ತಿದ್ದ, ಮಂಗಳಾರತಿ ತಟ್ಟೆ ಬಂದಾಗ ಮುಂದಕ್ಕೆ ದಾಟಿಸ್ತಿದ್ದ, ಯಾರೂ ಗಮನಿಸ್ತಿರಲಿಲ್ಲ. ಆ ಯಾರೂ ಗಮನಿಸದೇ ಇರೋದೇ ಆಗಿನ ಹೊಂದಾಣಿಕೆ.

ಸರ್ಕಾರಿ ಕಚೇರಿ ವಿಷ್ಯಕ್ಕೆ ಬಂದ್ರೆ ಕರ್ನಾಟಕ ಮೊದ್ಲಿಂದ್ಲೂ ಈ ಪ್ರಶ್ನೆಗೆ ನೇರ ಉತ್ತರ ಕೊಡದೇ ಬಂದಿದೆ. ಕೆಂಗಲ್ ಹನುಮಂತಯ್ಯನವ್ರು ಕಟ್ಟಿಸಿದ ವಿಧಾನಸೌಧದ ಹಣೆ ಮೇಲೇನೇ ಸರ್ಕಾರದ ಕೆಲಸ ದೇವರ ಕೆಲಸ ಅಂತ ಕೆತ್ತಿದೆ, ಯಾವ ದೇವರು ಅಂತ ಬರೆದಿಲ್ಲ, ಅದೊಂದು ಜಾಣತನ. ಪಕ್ಕದ ತಮಿಳುನಾಡು ಹಾಗಲ್ಲ. ಅಣ್ಣಾದುರೈ ಸರ್ಕಾರ 1968ರಲ್ಲೇ ಕಚೇರಿಗಳಿಂದ ದೇವರ ಪಟಗಳನ್ನ ತೆಗೀರಿ ಅಂತ ಸುತ್ತೋಲೆ ಹೊರಡಿಸ್ತು. ಪಟ ಪೂರ್ತಿ ಹೋಯ್ತಾ ಅಂದ್ರೆ ಅದೂ ಇಲ್ಲ, ಆಯುಧಪೂಜೆ ನಡೀತಾನೇ ಬಂತು. ಅದು ಕೋರ್ಟಿಗೂ ಹೋಗಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ, ಕೆಲಸದ ಸಾಮಾನಿಗೆ ಗೌರವ ತೋರ್ಸೋದು ಜಾತ್ಯತೀತತೆಗೆ ವಿರುದ್ಧ ಆಗಲ್ಲ ಅನ್ನೋ ಅರ್ಥದಲ್ಲಿ ಹೇಳ್ತು. ಗುಜರಾತಲ್ಲಿ ಹೈಕೋರ್ಟ್ ಕಟ್ಟಡದ ಭೂಮಿಪೂಜೆ ಪ್ರಶ್ನೆ ಮಾಡಿ ಒಬ್ರು ಪಿಐಎಲ್ ಹಾಕಿದ್ದಕ್ಕೆ 2011ರಲ್ಲಿ ಕೋರ್ಟು ಅರ್ಜಿ ವಜಾ ಮಾಡಿ ಮೇಲೆ 20 ಸಾವಿರ ದಂಡಾನೂ ಹಾಕ್ತು! ಅದಕ್ಕೂ ಮುಂಚೆ, 1994ರಲ್ಲಿ, ಸುಪ್ರೀಂ ಕೋರ್ಟಿನ 9 ಜಡ್ಜುಗಳ ಪೀಠ ಸರ್ಕಾರದ ವ್ಯವಹಾರದಲ್ಲಿ ಧರ್ಮ ಬೆರೆಸಂಗಿಲ್ಲ, ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ ಅಂತ ಸ್ಪಷ್ಟವಾಗಿ ಹೇಳಿತ್ತು. ಆ ಕೇಸು ನಮ್ಮ ರಾಜ್ಯದ್ದೇ, ಎಸ್.ಆರ್. ಬೊಮ್ಮಾಯಿ ಕೇಸು.

ಅದೇ ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿ ಸಿಎಂ ಆಗಿದ್ದಾಗ, 2021ರ ಅಕ್ಟೋಬರಲ್ಲಿ, ವಿಜಯಪುರ ಗ್ರಾಮಾಂತರ ಮತ್ತೆ ಕಾಪು ಸ್ಟೇಷನ್ ಪೊಲೀಸರು ಯೂನಿಫಾರ್ಮ್ ಬಿಟ್ಟು ಬಿಳಿ, ಕೇಸರಿ ಬಟ್ಟೆ ಹಾಕ್ಕೊಂಡು ಆಯುಧಪೂಜೆ ಮಾಡಿದ ಫೋಟೋ ಎಲ್ಲಾ ಕಡೆ ಓಡಾಡ್ತು. ಸ್ಟೇಷನ್ನಲ್ಲಿ ರೈಫಲ್ಲು ಜೀಪಿಗೆ ಪೂಜೆ ಮಾಡೋದು ತಲತಲಾಂತರದಿಂದ ಇತ್ತು, ಯಾರೂ ಕೇಳಿರಲಿಲ್ಲ. ಬಟ್ಟೆ ಬಣ್ಣ ಬದಲಾದ ಕೂಡ್ಲೇ ಕೇಳಿದ್ರು, ವಿರೋಧ ಪಕ್ಷದಲ್ಲಿದ್ದ ಸಿದ್ದರಾಮಯ್ಯನವರು ತ್ರಿಶೂಲಾನೂ ಕೊಟ್ಬಿಡಿ ಅಂತ ಸಿಎಂಗೆ ಚುಚ್ಚಿದ್ರು. ನನ್ನ ಪ್ರಕಾರ ಕೇಳಿದ್ದು ಸರಿಯಾಗೇ ಇತ್ತು. ಜೀಪಿಗೆ ಹಾಕಿದ ಹೂವಿನ ಹಾರ ಮಾರನೇ ದಿನ ಬಾಡಿ ಹೋಗುತ್ತೆ, ಅದನ್ನ ನೋಡಿ ಯಾರೂ ಕಂಪ್ಲೇಂಟ್ ಕೊಡೋಕೆ ಹೆದರ್ಕೊಂಡು ವಾಪಸ್ ಹೋಗಲ್ಲ. ಸಬ್‌ಇನ್ಸ್‌ಪೆಕ್ಟರ್ ಹಾಕ್ಕೊಂಡಿರೋ ಶಾಲು ನೋಡಿದ್ರೆ ಹೋಗ್ಬೋದು.

ಎರಡು ವರ್ಷ ಆದ್ಮೇಲೆ ಸರ್ಕಾರ ಬದಲಾಗಿತ್ತು, 2023ರ ದಸರಾಕ್ಕೆ ಒಂದು ಸುತ್ತೋಲೆ ಬಂತು: ವಿಧಾನಸೌಧ ವಿಕಾಸಸೌಧದ ಕಾರಿಡಾರಲ್ಲಿ ಪೂಜೆ ಮಾಡುವಾಗ ಕೆಮಿಕಲ್ ಇರೋ ಕುಂಕುಮ ಬಣ್ಣ ಬಳಸ್ಬೇಡಿ, ನೆಲಕ್ಕೆ ಕಲೆ ಆಗುತ್ತೆ. ತಕ್ಷಣ ಬಿಜೆಪಿಯವ್ರು ಹಿಂದೂಗಳ ಹಬ್ಬಕ್ಕೆ ಅಡ್ಡಿ ಅಂತ ಎದ್ರು. ಸುತ್ತೋಲೆ ಓದಿದ್ರೆ ಪೂಜೆ ಮಾಡ್ಬೇಡಿ ಅಂತ ಎಲ್ಲೂ ಇಲ್ಲ. ಅಲ್ಲೂ ನೋಡಿ, ಸರ್ಕಾರಕ್ಕೆ ಚಿಂತೆ ಕಲ್ಲಿನ ನೆಲದ್ದು. ಕಚೇರೀಲಿ ಪೂಜೆ ಇರ್ಬೇಕೋ ಬೇಡ್ವೋ ಅಂತ ಹೇಳೋ ಧೈರ್ಯ ಈ ಸರ್ಕಾರಕ್ಕೂ ಇರಲಿಲ್ಲ ಆ ಸರ್ಕಾರಕ್ಕೂ ಇರಲಿಲ್ಲ.

ಗೋಡೆ ಮೇಲಿನ ಪಟದ ಕಥೆ ಇನ್ನೂ ಸಿಕ್ಕುಸಿಕ್ಕು. 2022ರ ಗಣರಾಜ್ಯೋತ್ಸವದ ದಿನ ರಾಯಚೂರಿನ ಕೋರ್ಟಲ್ಲಿ ಅಂಬೇಡ್ಕರ್ ಫೋಟೋ ತೆಗೆಸಿದ್ರು ಅನ್ನೋ ಆರೋಪ ಬಂದು ರಾಜ್ಯ ಪೂರ್ತಿ ಪ್ರತಿಭಟನೆ ಆಯ್ತು, ಕೊನೆಗೆ ಹೈಕೋರ್ಟೇ ಕೋರ್ಟುಗಳ ಕಾರ್ಯಕ್ರಮದಲ್ಲಿ ಅಂಬೇಡ್ಕರ್ ಫೋಟೋ ಇಡಿ ಅಂತ ಸುತ್ತೋಲೆ ಕಳಿಸ್ತು. 2024ರ ಜನವರೀಲಿ ಬಸವಣ್ಣನವರನ್ನ ಸಾಂಸ್ಕೃತಿಕ ನಾಯಕ ಅಂತ ಘೋಷಿಸಿ ಎಲ್ಲಾ ಸರ್ಕಾರಿ ಕಚೇರೀಲೂ ಫೋಟೋ ಹಾಕ್ಬೇಕು ಅಂದ್ರು. ಬಸವಣ್ಣನವರು ಲಿಂಗಾಯತರಿಗೆ ಧರ್ಮಗುರು, ಉಳಿದೋರಿಗೆ ಸಮಾಜ ಸುಧಾರಕರು, ಅಂದ್ಮೇಲೆ ಆ ಪಟ ಧಾರ್ಮಿಕವೋ ಅಲ್ವೋ ಅಂತ ಕೇಳಿದ್ರೆ ನೋಡೋರ ಮೇಲೆ ಹೋಗುತ್ತೆ. ನವೆಂಬರ್ ಒಂದಕ್ಕೆ ಆಫೀಸಲ್ಲಿ ಇಡೋ ಭುವನೇಶ್ವರಿ ಫೋಟೋನೂ ಅಷ್ಟೇ. ಲೇಖಕಿ ಬಾನು ಮುಷ್ತಾಕ್ ಅವ್ರು 2023ರಲ್ಲಿ ಒಂದು ಸಮ್ಮೇಳನದಲ್ಲಿ, ಕನ್ನಡವನ್ನ ಅರಿಶಿನ ಕುಂಕುಮದ ದೇವಿ ಮಾಡಿ ಕೂರಿಸಿದ್ರೆ ನಾನು ಎಲ್ಲಿ ನಿಲ್ಲಲಿ ಅನ್ನೋ ಧಾಟೀಲಿ ಮಾತಾಡಿದ್ರು. ಎರಡು ವರ್ಷ ಆದ್ಮೇಲೆ ಸರ್ಕಾರ ಅವ್ರನ್ನ ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ, ಕೆಲವ್ರು ಅದೇ ಮಾತನ್ನ ಹುಡುಕಿ ತೆಗೆದು ಇವ್ರು ದಸರಾ ಉದ್ಘಾಟನೆ ಮಾಡಂಗಿಲ್ಲ ಅಂತ ಕೋರ್ಟಿಗೆ ಹೋದ್ರು. ಹೈಕೋರ್ಟು ಒಪ್ಪಲಿಲ್ಲ, ಸುಪ್ರೀಂ ಕೋರ್ಟೂ ಒಪ್ಪಲಿಲ್ಲ, 2025ರ ಸೆಪ್ಟೆಂಬರ್ 22ಕ್ಕೆ ಅವ್ರೇ ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆ ಮಾಡಿದ್ರು. ಕಾರ್ಖಾನೇಲಿ ಮಂಗಳಾರತಿ ತಟ್ಟೆ ಸುಮ್ನೆ ದಾಟಿಸ್ತಿದ್ದೋನು ಬಾಯ್ಬಿಟ್ಟು ಹೇಳಿದ್ರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಂಗೆ ಸಿಗಲಿಲ್ಲ.

ಅಂಗಡಿ ವಿಷ್ಯ ಬೇರೆ. ಅಂಗಡಿ ಖಾಸಗಿ ಜಾಗ, ದೀಪಾವಳಿ ಅಮಾವಾಸ್ಯೆಗೆ ಚಿಕ್ಕಪೇಟೇಲಿ ಲೆಕ್ಕದ ಪುಸ್ತಕ ಇಟ್ಟು ಲಕ್ಷ್ಮೀಪೂಜೆ ಮಾಡ್ತಾರೆ, ಶಿವಾಜಿನಗರದಲ್ಲಿ ರಂಜಾನ್‌ಗೆ ಲೈಟ್ ಹಾಕ್ತಾರೆ, ಡಿಸೆಂಬರಲ್ಲಿ ಬ್ರಿಗೇಡ್ ರೋಡು ಪೂರ್ತಿ ಕ್ರಿಸ್ಮಸ್. ಮಾಲ್‌ನವ್ರಂತೂ ಮೂರಕ್ಕೂ ಒಂದೇ ಸೀರಿಯಲ್ ಸೆಟ್ಟು ಬಳಸ್ತಾರೋ ಏನೋ. ಯಾರ ಅಂಗಡಿಗೆ ಯಾರು ಏನ್ ಕಟ್ತಾರೆ ಅಂತ ಸಂವಿಧಾನ ಕೇಳಲ್ಲ, ಅದು ಕೇಳೋದು ಒಂದೇ. 15ನೇ ವಿಧಿಯ ಎರಡನೇ ಭಾಗದಲ್ಲಿ ಅಂಗಡಿ, ಹೋಟೆಲ್ ಹೆಸರು ಹಿಡಿದೇ ಬರೆದಿದ್ದಾರೆ, ಧರ್ಮ ಜಾತಿ ನೋಡಿ ಯಾರನ್ನೂ ಒಳಗೆ ಬಿಡದೇ ಇರಂಗಿಲ್ಲ ಅಂತ. ಅಸ್ಪೃಶ್ಯತೆ ಕಂಡಿದ್ದೋರು ಬರೆದ ಸಾಲು ಅದು.

ಈಗ 2023ರ ನವರಾತ್ರೀಲಿ ಮಂಗಳೂರಿನ ಮಂಗಳಾದೇವಿ ಜಾತ್ರೇಲಿ ಆಗಿದ್ದನ್ನ ಇದ್ರ ಪಕ್ಕ ಇಟ್ಟು ನೋಡಿ. ಹಿಂದೂಗಳ ಸ್ಟಾಲಿಗೆಲ್ಲ ಕೇಸರಿ ಬಾವುಟ ಕಟ್ಟಿಸಿದ್ರು, ಬಾವುಟ ಇರೋ ಕಡೆನೇ ವ್ಯಾಪಾರ ಮಾಡಿ ಅನ್ನೋ ಲೆಕ್ಕದಲ್ಲಿ. ಪೊಲೀಸ್ರು ಎಫ್‌ಐಆರ್ ಹಾಕಿದ್ರು. ಬಾವುಟದಲ್ಲಿ ತಪ್ಪಿಲ್ಲ, ಜಾತ್ರೆ ಅಂದ್ಮೇಲೆ ಬಾವುಟ ಇದ್ದೇ ಇರುತ್ತೆ. ಆದ್ರೆ ಚುರುಮುರಿ ಅಂಗಡಿ ಮೇಲೆ ಅದು ಇರೋದು ಪಕ್ಕದ ಬಳೆ ಅಂಗಡಿ ಮೇಲೆ ಇಲ್ಲ ಅಂತ ತೋರ್ಸೋಕೆ ಅಂತಾದಾಗ ಅದು ಅಲಂಕಾರ ಆಗಿ ಉಳಿಯಲ್ಲ. ಅದಕ್ಕಿಂತ ಒಂದೂವರೆ ವರ್ಷ ಮುಂಚೆ, 2022ರ ಮಾರ್ಚಲ್ಲಿ, ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಇಲ್ಲ ಅನ್ನೋ ಬ್ಯಾನರ್‌ಗಳು ಬಂದಿದ್ವು, ಇದು ಅದೇ ಮಾತನ್ನ ಬ್ಯಾನರ್ ಇಲ್ದೆ ಹೇಳೋ ವಿಧಾನ. ನಾನು ಈ ಇಡೀ ಇತಿಹಾಸ ಓದ್ತಾ ಹೋದಾಗ ಗಡಿಗೆರೆ ಕಂಡಿದ್ದು ಇಲ್ಲೇ. ಕೆಲಸದ ಸಾಮಾನಿಗೆ ಕಟ್ಟಿದ ತೋರಣದಿಂದ ಎಪ್ಪತ್ತು ಎಂಬತ್ತು ವರ್ಷ ದೊಡ್ಡ ಜಗಳ ಆಗಲಿಲ್ಲ. ಮನುಷ್ಯ ಯಾರು ಅಂತ ಗುರುತು ಹಾಕೋಕೆ ಕಟ್ಟಿದಾಗ ಒಂದೇ ಹಬ್ಬಕ್ಕೆ ಕೇಸಾಯ್ತು.

ಇನ್ನು ಖಾಸಗಿ ಆಫೀಸು, ಐಟಿ ಕಂಪನಿಗಳು. ಅಲ್ಲಿ ಕಾನೂನೇ ಇಲ್ಲ ಅನ್ನಬೋದು. ಹಬ್ಬದ ರಜೆಗೆ ನಮ್ಮಲ್ಲಿ 1963ರ ಕಾಯ್ದೆ ಇದೆ, ಕಾರ್ಖಾನೆ ಅಂಗಡಿಗಳಿಗೆ ರಾಷ್ಟ್ರೀಯ ಹಬ್ಬ, ರಾಜ್ಯೋತ್ಸವದ ಜೊತೆ ಬೇರೆ ಹಬ್ಬಕ್ಕೂ ಸಂಬಳ ಸಹಿತ ರಜೆ ಕೊಡ್ಬೇಕು ಅಂತ. ತೋರಣ ರಂಗೋಲಿ ಗಣೇಶನ್ನ ಕೂರ್ಸೋದರ ಬಗ್ಗೆ ಅದ್ರಲ್ಲಿ ಒಂದು ಅಕ್ಷರ ಇಲ್ಲ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕು ಕಾಯ್ದೆ ಖಾಸಗಿ ಕಂಪನೀಗೂ ಧರ್ಮದ ಮೇಲೆ ಭೇದ ಮಾಡಂಗಿಲ್ಲ ಅಂತ ಕಟ್ಟು ಹಾಕಿದೆ. ನಮ್ಮಲ್ಲಿ ಸಂವಿಧಾನದ 25ರಿಂದ 28ನೇ ವಿಧಿಯ ಧಾರ್ಮಿಕ ಸ್ವಾತಂತ್ರ್ಯದ ಮಾತೆಲ್ಲ ಮುಖ್ಯವಾಗಿ ಸರ್ಕಾರದ ಜೊತೆ, ಖಾಸಗಿ ಓನರ್ ಮೇಲೆ ಅಂಥ ಕಟ್ಟು ಇಲ್ಲ. ಅಮೆರಿಕದಲ್ಲಿ ಕೆಲಸ ಮಾಡೋ ನಮ್ಮವ್ರು ಕ್ರಿಸ್ಮಸ್ ಟ್ರೀ ಪಕ್ಕ ದೀಪಾವಳಿ ದೀಪಾನೂ ಇಡೋಣ್ವಾ ಅಂತ ಎಚ್‌ಆರ್‌ನ ಕೇಳ್ತಾರೆ, ಅದೇ ಜನ ಬೆಂಗಳೂರಿಗೆ ವಾಪಸ್ ಬಂದ್ರೆ ಇಲ್ಲಿ ಯಾರನ್ನೂ ಕೇಳಲ್ಲ. ಅಲ್ಲಿ ಕೇಳೋದು ತಾವು ಕಡಿಮೆ ಜನ ಇದ್ದೀವಿ ಅಂತ ಗೊತ್ತಿರೋದಕ್ಕೆ.

ಆಫೀಸಲ್ಲಿ ನಿಜವಾಗ್ಲೂ ಕಿರಿಕಿರಿ ಆಗೋದು ಚಂದಾ ವಿಷ್ಯದಲ್ಲಿ. ಟೀಮ್ ಗ್ರೂಪಲ್ಲಿ ಮ್ಯಾನೇಜರ್ರೇ ಹಬ್ಬಕ್ಕೆ ತಲೆಗೆ ಇಷ್ಟು ಅಂತ ಮೆಸೇಜ್ ಹಾಕಿ, ಕೆಳಗೆ ಕೊಟ್ಟೋರ ಹೆಸರಿನ ಲಿಸ್ಟ್ ಬೆಳೀತಾ ಹೋದ್ರೆ, ಕೊಡೋ ಮನಸ್ಸಿಲ್ಲದೋನೂ ಕೊಡ್ತಾನೆ, ಅಪ್ರೈಸಲ್ ಮಾಡೋದು ಅದೇ ಮ್ಯಾನೇಜರ್ ಅಲ್ವಾ. ಹೂವು ಬಾಳೆಕಂಬ ತರೋಕೆ ಕಂಪನಿ ದುಡ್ಡೇ ಹಾಕ್ಲಿ, ಇಲ್ಲಾಂದ್ರೆ ಲಿಸ್ಟ್ ಹಾಕದೆ ಡಬ್ಬ ಇಡ್ಲಿ. ಎಷ್ಟೋ ಕಂಪನೀಲಿ ಈಗ ಫೆಸಿಲಿಟಿ ಟೀಮಿಂದ ಒಂದು ಮೇಲ್ ಬರುತ್ತೆ, ಕರ್ಪೂರ ಊದುಬತ್ತಿ ಹಚ್ಬೇಡಿ, ಸ್ಮೋಕ್ ಡಿಟೆಕ್ಟರ್ ಕೂಗ್ಕೊಳ್ಳುತ್ತೆ ಅಂತ. ಹಂಗಾಗಿ ಬ್ಯಾಟರಿ ದೀಪದಲ್ಲೇ ಮಂಗಳಾರತಿ ಮುಗಿಯುತ್ತೆ, ಚಂದಾ ಬಗ್ಗೆ ಮಾತ್ರ ಯಾವ ಟೀಮಿಂದ್ಲೂ ಇನ್ನೂ ಮೇಲ್ ಬಂದಿಲ್ಲ.